ತುದಿಗಾಲಿಗೆ ಎರಡು ವರ್ಷ

ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ದುಂಡು ಸ್ಟೂಲು ಇದೆ. ಸುತ್ತಿದರೆ ಮೇಲೇರುತ್ತದೆ, ಹಿಂದಕ್ಕೆ ಸುತ್ತಿದರೆ ಕೆಳಗಿಳಿಯುತ್ತದೆ. ಗಿರಾಕಿ ಎತ್ತರದ ಆಳಾದರೆ ನಾನು ಅದನ್ನು ಕೊಂಚ ಏರಿಸಿಕೊಂಡು ಕೂರುತ್ತೇನೆ. ಚೌಕಾಸಿ ಮಾಡುವಾಗ ಎದುರಿನವನ ಕಣ್ಣು ನಮ್ಮ ಕಣ್ಣಿಗಿಂತ ಮೇಲಿರಬಾರದು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಮೊನ್ನೆ ಯಾರೋ ಮಂಚ ನೋಡಲು ಬಂದವರ ಮಗಳು ಅದರ ಮೇಲೆ ಕೂತು ಗಿರ್ರೆಂದು ತಿರುಗುತ್ತಾ, "ತಾತ, ಇದು ಎಲ್ಲಿ ಸಿಕ್ತು?" ಎಂದು ಕೇಳಿದಳು. ಪಿಯಾನೊ ಜೊತೆ ಬಂತು ಎಂದೆ. "ಪಿಯಾನೊ ಎಲ್ಲಿ?" ಎಂದಳು. ತಲೆ ಸುತ್ತುತ್ತೆ, ಇಳಿಯಮ್ಮ ಎಂದು ಇಳಿಸಿಬಿಟ್ಟೆ. ಮಂಚದ ವ್ಯಾಪಾರ ಕುದುರಲಿಲ್ಲ. ಆ ದಿನ ನನಗೆ ಚೌಕಾಸಿಗೆ ಮನಸ್ಸೇ ಬರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿಯ ಬಿಳಿ ದೊರೆಗಳ ಸಂಸಾರಗಳೂ ಆಂಗ್ಲೋ ಇಂಡಿಯನ್ ಸಂಸಾರಗಳೂ ಒಂದೊಂದಾಗಿ ಮನೆ ಖಾಲಿ ಮಾಡುತ್ತಿದ್ದವು. ಒಬ್ಬರು ಇಂಗ್ಲೆಂಡಿಗೆ, ಇನ್ನೊಬ್ಬರು ಆಸ್ಟ್ರೇಲಿಯಾಕ್ಕೆ. ಹಡಗಿನಲ್ಲಿ ಬೀರು ಹೋಗುವುದಿಲ್ಲ, ಊಟದ ಮೇಜು ಹೋಗುವುದಿಲ್ಲ, ಕೊಂಬಿನ ಜಿಂಕೆತಲೆ ಹೋಗುವುದಿಲ್ಲ. ಅವೆಲ್ಲ ಎತ್ತಿನಗಾಡಿ ಹತ್ತಿ ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಇದ್ದ ನನ್ನ ತಗಡಿನ ಶೆಡ್ಡಿಗೆ ಬರುತ್ತಿದ್ದವು. ಹಳ್ಳಿಯಲ್ಲಿ ಹುಟ್ಟಿ, ಖಾಲಿ ಬಾಟಲಿ, ಗೋಣಿಚೀಲ ಹೊತ್ತು ತಿರುಗಿ, ಆ ಶೆಡ್ಡಿನ ತನಕ ನಾನು ಬಂದದ್ದೇ ಒಂದು ಕತೆ. ಅದನ್ನು ಹೇಳತೊಡಗಿದರೆ ನೀವು ಎದ್ದು ಹೋಗುತ್ತೀರಿ. ಕಸುಬಿನ ಒಂದು ಗುಟ್ಟು ಮಾತ್ರ ಹೇಳುತ್ತೇನೆ. ಊರು ಬಿಡುವವರ ಮನೆಗೆ ಮೊದಲ ದಿನವೇ ಹೋಗಬಾರದು. ಮೊದಲ ದಿನ ಅವರಿಗೆ ಪ್ರತಿ ಕುರ್ಚಿಯ ಮೇಲೂ ಅವರ ಅಜ್ಜ ಕೂತಿರುತ್ತಾನೆ. ಟ್ರಂಕು ಕಟ್ಟಿಯಾದ ಮೇಲೆ ಹೋಗಬೇಕು. ಆಗ ಅದು ಬರೀ ಕುರ್ಚಿ.

ಒಂದು ದಿನ ಶೆಡ್ಡಿಗೆ ಮಿಸ್ಸಮ್ಮ ಬಂದರು. ಹೆಸರು ಮಿಸ್ ಐರೀನ್. ಕೆ.ಜಿ.ಎಫ್.ನ ಊರಿಗಾಮಿನ ಹಳೆಯ ಹಾಲ್ ಒಂದರಲ್ಲಿ ಆಂಗ್ಲೋ ಇಂಡಿಯನ್ ಹುಡುಗಿಯರಿಗೆ ಬ್ಯಾಲೆ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ತಲೆ ನರೆತಿತ್ತು, ಬೆನ್ನು ಮಾತ್ರ ಸಲಾಕೆ ನುಂಗಿದಷ್ಟು ನೆಟ್ಟಗೆ. ಶೆಡ್ಡಿನ ಬಾಗಿಲಲ್ಲಿ ನಿಂತು, ಸಾಲಾಗಿ ನಿಲ್ಲಿಸಿದ್ದ ಬೀರುಗಳನ್ನು ಒಂದೊಂದಾಗಿ ನೋಡಿದರು.

"ಇದು ಡೋರೀನ್‌ದು. ಅದು ಮೇವಿಸ್ ಮನೇದು. ನನ್ನ ಹುಡುಗೀರ ಬೀರು ಎಲ್ಲಾ ನೀನೇ ತಗೊಂಡೆ, ಏನ್ ಮ್ಯಾನ್ ವೆಂಕಟ್."

"ಕಾಸು ಕೊಟ್ಟೇ ತಗೊಂಡಿದ್ದು ಮಿಸ್ಸಮ್ಮ."

"ಅದು ಗೊತ್ತು. ಈಗ ಕ್ಲಾಸ್ ಖಾಲಿ ಆಗ್ತಾ ಇದೆ. ನೀನು ಇಷ್ಟು ಬೀರು ತಗೊಂಡಿದ್ದಕ್ಕೆ ನನಗೆ ಒಂದು ಹುಡುಗಿ ಕೊಡು."

ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಇಂಥ ವ್ಯಾಪಾರವನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ತಲೆ ಓಡಿಸಿದೆ. ಈಯಮ್ಮನೂ ಇವತ್ತಲ್ಲ ನಾಳೆ ಹೊರಡುವವರೇ. ಹಾಲ್‌ನಲ್ಲಿ ಕರೀ ಪಿಯಾನೊ ಒಂದಿದೆ ಎಂದು ಕೇಳಿದ್ದೆ. ಈಗ ಒಂದು ಉಪಕಾರ ಮಾಡಿಟ್ಟರೆ ನಾಳೆ ಅದರ ಮೊದಲ ಮಾತು ನನ್ನದೇ. ಹಾಗೆ ಎಣಿಸಿಯೇ ನಾನು ಅಕ್ಕನ ಮನೆಗೆ ಹೋದದ್ದು.

ಅಕ್ಕನ ಮನೆ ನಂದಿದುರ್ಗ ಗಣಿಯ ಕೂಲಿ ಲೈನಿನ ಸಾಲುಮನೆಯಲ್ಲಿ. ಬಾವ ಮುನಿಯಪ್ಪ ಗಣಿಯೊಳಗೆ ದುಡಿದವನು. ಒಮ್ಮೆ ಒಳಗೆ ಬಂಡೆ ಸಿಡಿದು ಎಡಗಾಲಿನ ಬೆರಳುಗಳು ಹೋದ ಮೇಲೆ, ಇಳಿಯುವವರಿಗೆ ದೀಪ ಕೊಟ್ಟು ಹತ್ತಿದವರಿಂದ ವಾಪಸು ತೆಗೆದುಕೊಳ್ಳುವ ಕೆಲಸಕ್ಕೆ ಮೇಲೆ ಹಾಕಿದ್ದರು. ಅವರ ಮಗಳು ಯಶೋದ, ಹತ್ತು ವರ್ಷದವಳು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ತುದಿಯಿಂದ ಕೈಯೂರದೆ ಓಡಿ ಇಳಿಯುತ್ತಿದ್ದ ಹುಡುಗಿ ಆ ಲೈನಿನಲ್ಲಿ ಅವಳೊಬ್ಬಳೇ.

ವಿಷಯ ಕೇಳಿದ್ದೇ ಅಕ್ಕ ಸೌಟು ಎತ್ತಿದಳು. "ಏನ್ಲಾ, ತಲೆ ನೆಟ್ಟಗೈತಾ ನಿಂಗೆ? ಬೆಳೆಯೋ ಎಣ್ಣುಮಗು ಮೊಣಕಾಲು ಕಾಣಂಗೆ ಕುಣಿಯೋದಾ? ಲೈನೆಲ್ಲಾ ನಗಾಕಿಲ್ವಾ?"

ಬಾವ ಬೀಡಿ ಆರಿಸಿ ನಿಧಾನವಾಗಿ ಕೇಳಿದ. "ಇಂಗ್ಲೀಷು ಬತ್ತದೇನ್ಲಾ?"

"ಬತ್ತದೆ ಬಾವ. ಪುಕ್ಸಟ್ಟೆ."

"ಅಂಗಾದ್ರೆ ಓಗ್ಲಿ ಬಿಡಮ್ಮಿ. ಲಂಗದ ಕೆಳಗೆ ಚಡ್ಡಿ ಆಕು."

ಹೀಗೆ ನಮ್ಮ ಮನೆಗೆ ಬ್ಯಾಲೆ ಬಂತು.

ಯಶೋದಳಿಗೆ ಇಂಗ್ಲೀಷು ಬಂದದ್ದು ಅಷ್ಟಕ್ಕಷ್ಟೆ, ಬೇರೆ ಸಂಗತಿಗಳು ಬಹಳ ಬಂದವು. ಕ್ಲಾಸು ಮುಗಿದು ಕಾಲು ಒರೆಸಿಕೊಳ್ಳುವ ಹೊತ್ತಿನಲ್ಲಿ ಮಿಸ್ಸಮ್ಮ ಬ್ಯಾಲೆಯ ಕತೆ ಹೇಳುತ್ತಿದ್ದರಂತೆ. ಅದನ್ನು ಹುಡುಗಿ ಮನೆಗೆ ತರುವಳು, ಮನೆಯಿಂದ ಬಾವ ಜಗಲಿಗೆ ತರುವನು. ಭಾನುವಾರ ನಾನು ಹೋದಾಗ ಅಕ್ಕಪಕ್ಕದವರನ್ನು ಕೂರಿಸಿಕೊಂಡು ಅವನದೇ ವರಸೆಯಲ್ಲಿ ಹೇಳುವನು.

"ಮೊದಲು ಇದು ಇಟಲಿ ರಾಜ್ರು ಮನೆ ಊಟದಾಗೆ ಉಟ್ಟಿದ್ದು ಕಣ್ಲಾ. ಮದುವೆ ಊಟಕ್ಕೆ ಒಂದು ಬಡಿಸಿ ಇನ್ನೊಂದು ಬಡಿಸೋ ಮದ್ಯೆ ಎಲೆ ಮುಂದೆ ಸುಮ್ಕೆ ಕೂರ್ಬಾರ್ದಲ್ಲ, ಅದಕ್ಕೆ ಕುಣಿತ. ಆ ಮನೆ ಎಣ್ಣನ್ನ ಫ್ರಾನ್ಸಿಗೆ ಕೊಟ್ರು. ಅವಳ ಜೊತೆ ಇದೂ ಓಯ್ತು."

"ಬಳುವಳಿ ಅನ್ನು," ಎಂದೆ.

"ಊ ಮತ್ತೆ! ಅಲ್ಲಿ ಒಬ್ಬ ರಾಜ ಸೂರ್ಯನ ಯೇಸ ಆಕಿ ತಾನೇ ಕುಣಿದ್ನಂತೆ. ಗೆಜ್ಜೆಗಿಜ್ಜೆ ಇಲ್ಲ. ಎತ್ತರದ ಇಮ್ಮಡಿ ಇರೋ ಬೂಟು, ತಲೆ ಮ್ಯಾಲೆ ಗರಿ. ಕಾಲು ಇಂಗೇ ಇಡಬೇಕು, ಅಂಗೇ ಇಡಬೇಕು ಅಂತ ಸ್ಕೂಲು ಮಾಡಿಸ್ದ. ಆಮ್ಯಾಕೆ ದಪ್ಪ ಆಗ್ಬಿಟ್ಟು ಕುಣಿಯಾಕಾಗ್ದೆ ಕೂತ್ಕಂಡ. ರಾಜ ಕೂತ್ಮೇಲೆ ಕೂಲಿಯೋರು ಕುಣಿಬೇಕಾಯ್ತು."

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಎಲ್ಲರೂ ಕೂಲಿಯವರೇ.

ಇನ್ನೊಂದು ಭಾನುವಾರ ಹೆಂಗಸರ ಕತೆ. ಮೊದಮೊದಲು ಹೆಂಗಸರು ನೆಲ ಗುಡಿಸುವ ಲಂಗ, ಹಿಮ್ಮಡಿ ಎತ್ತರದ ಬೂಟು ಹಾಕಿ ಕುಣಿಯುತ್ತಿದ್ದರಂತೆ. ಒಬ್ಬಳು ಹಿಮ್ಮಡಿ ಕಿತ್ತೆಸೆದು, ತನ್ನ ಕಾಲಿನ ಕೆಲಸ ಜನಕ್ಕೆ ಕಾಣಲಿ ಎಂದು ಲಂಗವನ್ನು ಒಂದಿಷ್ಟು ಕತ್ತರಿಸಿದಳಂತೆ. ಊರೆಲ್ಲ ಗಲಾಟೆ. "ನಮ್ಮ ಅಕ್ಕನಂಥೋರು ಅಲ್ಲೂ ಇದ್ರು ಅನ್ನು," ಎಂದು ನಾನು ಹೇಳಿದ್ದಕ್ಕೆ ಒಳಗಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಅದಾದ ಮೇಲೆ ಒಬ್ಬ ತಂದೆ. ಅವನು ತನ್ನ ಮಗಳಿಗೆ ಹಗಲೆಲ್ಲ ಅಭ್ಯಾಸ ಮಾಡಿಸಿ, ಅವಳು ಕಾಲ್ಬೆರಳ ತುದಿಯ ಮೇಲೆ ನಿಲ್ಲುವಂತೆ ಮಾಡಿದನಂತೆ. ಅವಳು ವೇದಿಕೆಯ ಮೇಲೆ ಗಾಳಿಯ ಹೆಣ್ಣಾಗಿ ಬಂದರೆ ನೆಲ ಮುಟ್ಟುತ್ತಿದ್ದಾಳೋ ಇಲ್ಲವೋ ಎಂದು ಜನಕ್ಕೆ ಅನುಮಾನ ಬರುತ್ತಿತ್ತಂತೆ.

ಆ ಭಾಗ ಹೇಳುವಾಗ ಬಾವನ ಸ್ವರ ಬೇರೆಯಾಯಿತು. "ಅವರಪ್ಪನೇ ಮಾಡಿದ್ದಂತೆ ಕಣ್ಲಾ," ಎಂದು ಮತ್ತೆ ಹೇಳಿದ.

ಆಮೇಲೆ ಫ್ರಾನ್ಸಿನವರಿಗೆ ಬೇಸರ ಬಂದು ಬಿಟ್ಟರಂತೆ; ರಷ್ಯಾದ ರಾಜ ಕರೆದು ಅನ್ನ ಹಾಕಿ ಸಾಕಿದನಂತೆ; ಅಲ್ಲಿ ರಾಜನ ಕಾಲ ಮುಗಿದ ಮೇಲೆ ಕುಣಿಯುವವರು ದೇಶದೇಶಕ್ಕೆ ಚೆದುರಿದರಂತೆ. ಹಾಗೆ ಚೆದುರಿದ ಒಬ್ಬ ಹೆಂಗಸು ಕಲ್ಕತ್ತಾದಲ್ಲಿ ಉಳಿದು ಮಿಸ್ಸಮ್ಮನಿಗೆ ಕಲಿಸಿದ್ದಂತೆ. ಬಾವ ಬೆರಳು ಮಡಿಸುತ್ತಾ ಹೇಳಿದ, "ಒಂದು ಕಡೆ ಮುಗಿದ್ರೆ ಇನ್ನೊಂದು ಕಡೆ. ನಮ್ಮ ಚಿನ್ನದ ಎಳೆ ಇದ್ದಂಗೆ. ಎಲ್ಲಾ ಕಡೆ ಮುಗುದು ಈಗ ಊರಿಗಾಮಿಗೆ ಬಂದೈತೆ." ಆಗ ಯಾರೂ ನಗಲಿಲ್ಲ. ಗಣಿಯಲ್ಲಿ ಎಳೆ ಮುಗಿಯುವ ಮಾತು ಲೈನಿನಲ್ಲಿ ಜೋರಾಗಿ ಆಡುವಂಥದ್ದಲ್ಲ.

ಒಂದು ವರ್ಷ ಕಳೆಯಿತು. ಯಶೋದ ತುದಿಗಾಲ ಮೇಲೆ ನಿಲ್ಲಬೇಕೆಂದು ಹಟ ಹಿಡಿದಳು. ಹಟವೆಂದರೆ ಅಳುವ ಹಟವಲ್ಲ. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದುಕೊಂಡೇ ಗೋಡೆಗೆ ಬೆನ್ನು ಕೊಟ್ಟು ಹಿಮ್ಮಡಿ ಎತ್ತಿ ನಿಂತಿರುವಳು. ಅದಕ್ಕೆಂದೇ ಇರುವ ಬೂಟು ಬೇಕು, ಅದು ಹಡಗಿನಲ್ಲಿ ಬರುತ್ತಿತ್ತು, ಈಗ ಬರುವುದು ನಿಂತಿದೆ ಎಂದು ತಂದೆಗೆ ಹೇಳಿದಳು. ನಾನು ಮದರಾಸಿಗೆ ಹೋದಾಗ ಹಳೇ ಸಾಮಾನಿನ ಸಂತೆಯನ್ನೆಲ್ಲ ಜಾಲಾಡಿ, ಯಾರೋ ಹಾಕಿ ಬಿಟ್ಟ ಗುಲಾಬಿ ಬಣ್ಣದ ರೇಷ್ಮೆಯ ಜೋಡಿ ಒಂದನ್ನು ಹುಡುಕಿ ತಂದೆ. ತುದಿ ಮೆತ್ತಗಾಗಿತ್ತು. ಹಳೇ ಸಾಮಾನಿನವನಾದ ನನಗೆ ಅದೊಂದು ದೋಷವೆಂದೇ ಅನಿಸಲಿಲ್ಲ. ಮೆತ್ತಗಿದ್ದರೆ ಕಾಲಿಗೆ ಸುಖ ಎಂದುಕೊಂಡೆ.

ಬಾವ ಅದನ್ನು ಒತ್ತಿ ನೋಡಿ ಮುಖ ಸಿಂಡರಿಸಿದ. "ಬೆರಳ ಮ್ಯಾಲೆ ಮೈಯೆಲ್ಲಾ ನಿಲ್ಬೇಕು, ಇದ್ರಾಗೆ ಏನೈತ್ಲಾ ಕಾಯಾಕೆ?" ಎಂದ. ಮುಂದಿನ ವಾರ ಹೋದಾಗ ಜೋಡಿ ತಯಾರಾಗಿತ್ತು. ಗಣಿಯ ಮೇಸ್ತ್ರಿಗಳ ಬೂಟಿನ ಮೂತಿಯಲ್ಲಿ ಕಲ್ಲು ಬಿದ್ದರೂ ಬೆರಳು ಉಳಿಯಲೆಂದು ಕಬ್ಬಿಣದ ಟೊಪ್ಪಿ ಇರುತ್ತದಲ್ಲ, ಲೈನಿನಲ್ಲಿ ಬೂಟು ಹೊಲಿಯುವ ಆರೋಗ್ಯಂ ಕೈಯಲ್ಲಿ ಅಂಥದೇ ಪುಟ್ಟದೊಂದನ್ನು ಬಡಿಸಿ, ರೇಷ್ಮೆಯೊಳಗೆ ಕೂರಿಸಿ, ಮೇಲೆ ಒಪ್ಪವಾಗಿ ಹೊಲಿಸಿದ್ದ. ತನಗೆ ಇಲ್ಲದ ಬೆರಳುಗಳನ್ನು ಮಗಳಿಗೆ ಕಾದುಕೊಡುವ ಕೆಲಸ ಅದು. ನಾವ್ಯಾರೂ ಅದರಲ್ಲಿ ತಪ್ಪು ಕಾಣಲಿಲ್ಲ. ಗಣಿಯ ಊರಿನಲ್ಲಿ ಯಾರಿಗೆ ಕಾಣುತ್ತದೆ ಹೇಳಿ?

ಬಾವ, ನಾನು, ಯಶೋದ ಮೂವರೂ ಹಾಲ್‌ಗೆ ಹೋದೆವು. ಗೋಡೆಗುಂಟ ಹುಡುಗಿಯರು ಹಿಡಿದುಕೊಳ್ಳುವ ಮರದ ಕಂಬಿ, ನೆಲಕ್ಕೆ ಹಲಗೆ, ಮೂಲೆಯಲ್ಲಿ ನನ್ನ ಕಣ್ಣಿದ್ದ ಪಿಯಾನೊ. ಮಿಸ್ಸಮ್ಮ ಬೂಟನ್ನು ಕೈಯಲ್ಲಿ ತೂಗಿ ನೋಡಿದರು. ತುದಿಯನ್ನು ಪಿಯಾನೊದ ಮೇಲೆ ಕುಟ್ಟಿದರು. ಠಣ್ ಎಂದಿತು. ನಗಬಹುದಿತ್ತು, ನಗಲಿಲ್ಲ. ಬಾವನ ಎಡಗಾಲಿನ ಕಡೆ ಒಮ್ಮೆ ನೋಡಿ, ಸ್ಟೂಲು ಎಳೆದು ಅವನನ್ನು ಕೂರಿಸಿದರು.

"ಮುನಿಯಪ್ಪ, ಬೂಟು ಹುಡುಗೀನ ನಿಲ್ಲಿಸೋದಿಲ್ಲ. ಕಾಲು ನಿಲ್ಲಿಸ್ತದೆ. ತುದಿಗಾಲ ಮೇಲೆ ಮೊದಲು ನಿಂತಳಲ್ಲ ಆ ಹುಡುಗಿ, ಅವಳ ಬೂಟಲ್ಲಿ ಏನೂ ಇರ್ಲಿಲ್ಲ. ತುದಿಗೆ ದಾರ ಹಾಕಿ ಹೊಲ್ಕೊಂಡಿದ್ಲು, ಅಷ್ಟೇ. ಗೋಂದು, ಗೋಣಿಬಟ್ಟೆ ಹಾಕಿ ಗಟ್ಟಿ ಮಾಡಿದ್ದು ಎಲ್ಲಾ ಆಮೇಲೆ. ಅದೂ ಕುಣೀತಾ ಕುಣೀತಾ ಮೆತ್ತಗಾಗಿ ಸತ್ತುಹೋಗ್ತದೆ. ಕಬ್ಬಿಣ ಬಗ್ಗೋದಿಲ್ಲ. ಇವಳ ಮೂಳೆ ಬಗ್ಗಿಬಿಡ್ತದೆ."

"ಇವಳ ಮೂಳೆ ಗಟ್ಟಿ ಐತೆ ಮಿಸ್ಸಮ್ಮ," ಎಂದ ಬಾವ.

"ಇನ್ನೂ ಇಲ್ಲ. ಇನ್ನು ಎರಡು ವರ್ಷ. ಆಮೇಲೆ ನಾನೇ ನಿಲ್ಲಿಸ್ತೀನಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಒಂದು ವರ್ಷ ಮಾಡ್ಕೊಳಿ ಮಿಸ್ಸಮ್ಮ," ಎಂದೆ. ಅವರು ತಲೆಯಾಡಿಸಿದರು. "ಹೋಗ್ಲಿ, ಒಂದೂವರೆ." ಅವರು ನನ್ನತ್ತ ತಿರುಗಿ, "ವೆಂಕಟ್, ಇದು ಬೀರು ಅಲ್ಲ ಮ್ಯಾನ್," ಎಂದರು. ಇಳಿಸಲಾಗದ ಬೆಲೆ ಎಂಬುದೊಂದು ಇದೆಯೆಂದು ನನಗೆ ಗೊತ್ತಾದದ್ದು ಆವತ್ತು. ಬಾವ ಬೂಟುಗಳನ್ನು ಟವೆಲಿನಲ್ಲಿ ಸುತ್ತಿಕೊಂಡ. ಯಶೋದ ಮಾತ್ರ ಲೆಕ್ಕ ಹಾಕುತ್ತಿದ್ದಳು. "ಎರಡು ವರ್ಸ ಇರ್ತೀರಲ್ಲ ಮಿಸ್?" ಎಂದು ಕೇಳಿದಳು.

ಮಿಸ್ಸಮ್ಮ ಹುಡುಗಿಯನ್ನೂ ಬಾವನನ್ನೂ ಹೊರಗೆ ಕಳಿಸಿ ನನಗೆ ಹೇಳಿದರು. ಆಸ್ಟ್ರೇಲಿಯಾದಲ್ಲಿರುವ ತಮ್ಮ ಬಾ ಎನ್ನುತ್ತಿದ್ದಾನೆ. ಪಿಯಾನೊ ಮಾರಿದರೆ ಹಡಗಿನ ಖರ್ಚು ಹುಟ್ಟುತ್ತದೆ. ಕ್ರಿಸ್‌ಮಸ್ ಒಳಗೆ ಹೊರಡಬೇಕು. "ಪಿಯಾನೊ ನೀನೇ ತಗೋ. ರೇಟ್ ಹೇಳು."

ನೋಡಿ, ಆ ಮಾತಿಗೆ ನಾನು ಎಷ್ಟು ದಿನದಿಂದ ಕಾದಿದ್ದೆ. ಬಾಯಿಗೆ ಬಂದ ರೇಟು ಬಾಯಲ್ಲೇ ನಿಂತಿತು. ಕಿಟಕಿಯಾಚೆ ಹುಡುಗಿ ಮೆಟ್ಟಿಲಿನ ಅಂಚಿನಲ್ಲಿ ಹಿಮ್ಮಡಿ ಇಳಿಬಿಟ್ಟು ಏರಿ ಇಳಿದು ಮಾಡುತ್ತಿದ್ದಳು. ಪಿಯಾನೊ ಮಾರಾಟವಾಗುವ ತನಕ ಈಯಮ್ಮ ಹಡಗು ಹತ್ತುವುದಿಲ್ಲ ಎಂದು ನನ್ನ ತಲೆಗೆ ಹೊಳೆಯಿತು. ಯಾರೂ ಒಪ್ಪಲಾರದ ಒಂದು ರೇಟು ಹೇಳಿದೆ. ಅವರು ಬೈದರು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಚೌಕಾಸಿಯನ್ನು ಮುಗಿಸುವ ವಿದ್ಯೆ ಎಲ್ಲರೂ ಕಲಿಯುತ್ತಾರೆ. ಮುಗಿಯದ ಹಾಗೆ ನಡೆಸುವುದು ಬೇರೆ ವಿದ್ಯೆ, ಅದಕ್ಕೆ ತಾಳ್ಮೆ ಬೇಕು. ತಿಂಗಳಿಗೊಮ್ಮೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಊರಿಗಾಮಿಗೆ ಹೋಗುವೆ. ಒಂದು ಸಲ ಪಿಯಾನೊದ ಕಾಲು ಸರಿಯಿಲ್ಲ ಎನ್ನುವೆ. ಇನ್ನೊಂದು ಸಲ ಒಳಗೆ ಗೆದ್ದಲಿದೆ ಎನ್ನುವೆ. ಆ ಗೆದ್ದಲಿನ ಸುದ್ದಿಯನ್ನು ಕೋಲಾರದ ವ್ಯಾಪಾರಿಗಳ ಕಿವಿಗೂ ಹಾಕಿದ್ದರಿಂದ ಅವರ್ಯಾರೂ ಆ ಕಡೆ ಸುಳಿಯಲಿಲ್ಲ. ಕೊಂಚ ಏರಿಸುವೆ. ಮಿಸ್ಸಮ್ಮ ಒಪ್ಪುವ ಹತ್ತಿರ ಬಂದರೆ, ಹೆಂಡತಿಯನ್ನು ಕೇಳಿ ಬರುತ್ತೇನೆ ಎಂದು ಎದ್ದುಬಿಡುವೆ. ನನಗಾಗ ಮದುವೆಯೇ ಆಗಿರಲಿಲ್ಲ.

ಮಿಸ್ಸಮ್ಮನಿಗೆ ಯಾವಾಗ ಗೊತ್ತಾಯಿತೋ ಕಾಣೆ. ಮೂರ್ನಾಲ್ಕು ಭೇಟಿಯಾದ ಮೇಲೆ ನಾನು ಏರಿಸಿದಂತೆಲ್ಲ ಅವರೂ ಏರಿಸತೊಡಗಿದರು! ಕಳೆದ ಸಲಕ್ಕಿಂತ ಹೆಚ್ಚು ಕೇಳುತ್ತಿದ್ದೀರಲ್ಲ ಎಂದರೆ, "ಹಳೇದಾದಷ್ಟೂ ಪಿಯಾನೊ ಬೆಲೆ ಜಾಸ್ತಿ ಮ್ಯಾನ್," ಎನ್ನುವರು. ನಾನು ಗೆದ್ದಲು ಎಂದರೆ, "ನಿನ್ನ ಹೆಂಡತಿಗೆ ಹೇಳು, ಅವಳು ನಂಬ್ತಾಳೆ," ಎನ್ನುವರು. ಬೈದಾಟ ಮುಗಿದ ಮೇಲೆ ಟೀ ಕೊಡುವರು. ಆಮೇಲೆ ಕ್ಲಾಸು. ಆ ಹೊತ್ತಿಗೆ ಉಳಿದ ಹುಡುಗಿಯರ ಬೀರುಗಳೂ ನನ್ನ ಶೆಡ್ಡಿಗೆ ಬಂದಿದ್ದವು. ಅಷ್ಟು ಉದ್ದದ ಕಂಬಿ ಹಿಡಿದು ಯಶೋದ ಒಬ್ಬಳೇ ನಿಲ್ಲುವಳು.

ಒಮ್ಮೆ ನಾನಿದ್ದಾಗಲೇ ಕೆಳಗೆ ಎಲ್ಲೋ ಬಂಡೆ ಸಿಡಿಯಿತು. ಹಲಗೆ ನೆಲ ಅದುರಿತು. ಮುಟ್ಟುವವರಿಲ್ಲದೆ ಪಿಯಾನೊ ತಾನೇ ಒಳಗೊಳಗೆ ಗುಂಯ್ ಎಂದಿತು. ನಾವು ಮೂವರೂ ಅಪಘಾತದ ಸೈರನ್ ಕೂಗುತ್ತದೇನೋ ಎಂದು ಕಾದೆವು. ಕೂಗಲಿಲ್ಲ. ನೋಡಿದರೆ ಯಶೋದ ಅಷ್ಟು ಹೊತ್ತೂ ಎತ್ತಿದ ಕಾಲನ್ನು ಇಳಿಸಿರಲಿಲ್ಲ. ಮಿಸ್ಸಮ್ಮ, ಸೆರಗಿಲ್ಲದ ಹೆಂಗಸು, ಫ್ರಾಕಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು.

ಒಂದು ಕ್ರಿಸ್‌ಮಸ್ ಹೀಗೆ ದಾಟಿತು. ಇನ್ನೊಂದರ ಹತ್ತಿರ ಬಂದೆವು. "ಈ ಚಳಿಗಾಲ ಕಳೀಲಿ, ಬೇಸಿಗೆಗೆ ನಿಲ್ಲಿಸ್ತೀನಿ," ಎಂದು ಮಿಸ್ಸಮ್ಮ ಬಾಯಿಬಿಟ್ಟು ಹೇಳಿದ್ದರು. ಬಾವ ಆರೋಗ್ಯಂಗೆ ಹೇಳಿ ಕಬ್ಬಿಣ ಬಿಚ್ಚಿಸಿ, ಅಕ್ಕನ ಕೈಯಲ್ಲಿ ತುದಿಗೆ ದಾರ ಹೊಲಿಸಿ ಇಟ್ಟಿದ್ದ. ಹೌದು, ಅಕ್ಕನ ಕೈಯಲ್ಲೇ. ಬೈಯುತ್ತಲೇ ಹೊಲಿದಳು.

ನವೆಂಬರ್ ಕೊನೆಗೆ ನಾನು ಎಂದಿನಂತೆ ಹೋದೆ. ಹೊಸ ತಕರಾರೊಂದನ್ನು ದಾರಿಯಲ್ಲೇ ಯೋಚಿಸಿಟ್ಟಿದ್ದೆ. ಮಿಸ್ಸಮ್ಮ ಶಾಲು ಹೊದ್ದು ಕೂತಿದ್ದರು. ಕೆಮ್ಮು ಹಿಡಿದಿತ್ತು. ಹಾಲ್‌ನಲ್ಲಿ ಗೋಡೆಯ ಕಂಬಿಯನ್ನು ಯಾರೋ ಕಿತ್ತು ಕೆಳಗೆ ಉರುಳಿಸಿದ್ದರು. ಹಾಲೂ ಅವರಿದ್ದ ಮನೆಯೂ ಗಣಿಯವರಿಗೆ ಬೇರೆ ಕೆಲಸಕ್ಕೆ ಬೇಕಂತೆ, ಬರುವ ತಿಂಗಳು ಬೀಗದ ಕೈ ಕೊಡಬೇಕಂತೆ.

"ವೆಂಕಟ್, ನೀನು ಫಸ್ಟ್ ಹೇಳಿದ ರೇಟು. ಅದಕ್ಕೇ ತಗೋ."

"ಅದು ಬೇಡ ಮಿಸ್ಸಮ್ಮ," ಎಂದೆ. "ಅದು ಅನ್ಯಾಯದ ರೇಟು. ನೀವು ಬೈದ್ರಲ್ಲ ಅದಕ್ಕೆ. ಹೋದ ತಿಂಗಳದ್ದು ಕೊಡ್ತೀನಿ, ಅದರ ಮೇಲೂ ಕೊಡ್ತೀನಿ. ಆದ್ರೆ ಈಗ ಕೈಯಲ್ಲಿಲ್ಲ, ಬೇಸಿಗೆಗೆ..."

"ಸಾಕು ಮ್ಯಾನ್," ಎಂದರು. ಸಿಟ್ಟಿರಲಿಲ್ಲ. "ತುಂಬಾ ಚೆನ್ನಾಗಿ ಚೌಕಾಸಿ ಮಾಡಿದೆ. ಇನ್ನು ನನ್ನ ಕೈಲಿ ಆಗಲ್ಲ."

ಬೆಳಿಗ್ಗೆಯಿಂದ ಬೈಗಿನ ತನಕ ಎದುರಿನವರ ಬಾಯಲ್ಲಿ 'ಆಯ್ತು' ಎನ್ನಿಸುವುದೇ ನನ್ನ ಬದುಕು. ಆ ಮಾತು ಬಾರದೇ ಇರಲಿ ಅನಿಸಿದ್ದು ಅದೊಂದೇ ಸಲ. ಕೊನೆಗೆ ನ್ಯಾಯವಾದ ಬೆಲೆಯನ್ನೇ ಅವರ ಕೈಗಿಟ್ಟೆ, ಅದು ಬೇರೆ ಮಾತು. ಪಿಯಾನೊ ನನ್ನ ಶೆಡ್ಡಿನಲ್ಲಿ ಬಹಳ ಕಾಲ ಇತ್ತು. ಗೆದ್ದಲಿದೆ ಎಂದು ನಾನೇ ಹಬ್ಬಿಸಿದ ಸುದ್ದಿ ಅಷ್ಟು ಚೆನ್ನಾಗಿ ಹಬ್ಬಿತ್ತು, ಯಾರೂ ಕೊಳ್ಳಲಿಲ್ಲ. ಒಂದು ಮಳೆಗಾಲ ತಗಡು ಸೋರಿ ನಿಜವಾಗಿಯೂ ಗೆದ್ದಲು ಹತ್ತಿತು. ಸ್ಟೂಲು ಉಳಿಯಿತು.

ಮಿಸ್ಸಮ್ಮ ಬಂಗಾರಪೇಟೆಯಲ್ಲಿ ಮದರಾಸು ಗಾಡಿ ಹತ್ತಿದರು. ಬಾವ ರಜೆ ಹಾಕಿ ಬಂದಿದ್ದ. ಅಕ್ಕ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಕಿಟಕಿಯ ಸರಳಿನಾಚೆಯಿಂದ ಮಿಸ್ಸಮ್ಮ ಯಶೋದಳಿಗೆ ಒಂದೇ ಮಾತು ಹೇಳುತ್ತಿದ್ದರು: "ಈಗ ನಿಲ್ಲಬೇಡ. ಯಾರು ಹೇಳಿದ್ರೂ ನಿಲ್ಲಬೇಡ. ಮೂಳೆ ರೆಡಿ ಆಗೋ ತನಕ ಪ್ರಾಮಿಸ್ ಮಾಡು." ಹುಡುಗಿ ಸರಳಿನೊಳಗೆ ಕೈಯಿಟ್ಟು ಭಾಷೆ ಕೊಟ್ಟಳು. ಗಾಡಿ ಹೊರಟಿತು. ಸಿಗ್ನಲ್ ದಾಟಿ ಮರೆಯಾಗುವ ತನಕ ಅವಳು ಎರಡೂ ಪಾದಗಳನ್ನು ಪ್ಲಾಟ್‌ಫಾರಂ ಕಲ್ಲಿಗೆ ಒತ್ತಿಕೊಂಡೇ ನಿಂತಿದ್ದಳು. ಕತ್ತು ಉದ್ದ ಮಾಡಿದಳೇ ಹೊರತು ನೋಡುವ ಆಸೆಗೂ ಹಿಮ್ಮಡಿ ಎತ್ತಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಮಾಮ, ಮೂಳೆ ರೆಡಿ ಆಯ್ತು ಅಂತ ಇನ್ಮ್ಯಾಕೆ ಯಾರ್ನ ಕೇಳೋದು?"

ಕೇಳದಿದ್ದವರಿಗೂ ಬುದ್ಧಿ ಹೇಳಿಕೊಂಡು ಬಂದವನು ನಾನು. ಬಾವನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ.